ಹಾಡು ಕಳಿಸಿದ್ದೀನಿ, ಕೇಳಿ ಹೇಳಿ

ಹಾಡಿನ ಉದ್ದ ನಾಲ್ಕು ನಿಮಿಷ. ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿ ಒಂದು ನಿಮಿಷ ಆಗುವಷ್ಟರಲ್ಲಿ ಚಿಕ್ಕಪ್ಪ 'ಸೂಪರ್' ಅಂದಿರುತ್ತಾರೆ, ಅತ್ತೆ ಮೂರು ಚಪ್ಪಾಳೆ ಒತ್ತಿರುತ್ತಾರೆ, ಭಾವನ ಹೆಬ್ಬೆರಳು ಮೇಲೆದ್ದಿರುತ್ತದೆ. ಪಲ್ಲವಿಯೇ ಇನ್ನೂ ಮುಗಿದಿರುವುದಿಲ್ಲ. ಇದು ಸುಳ್ಳಲ್ಲ, ಅಕ್ಕರೆ; ಹಾಡಿದವರಿಗೆ ಅದೂ ಬೇಕು. ಆದರೆ ಎರಡನೇ ಚರಣದಲ್ಲಿ ಗಿಟಾರಿನ ಅಬ್ಬರಕ್ಕೆ ಸಾಹಿತ್ಯ ಮುಳುಗಿದೆಯೇ, ಮೇಲಿನ ಸ್ವರಕ್ಕೆ ಹೋದಾಗ ಶ್ರುತಿ ಜಾರಿದೆಯೇ, ಶುರುವಿನ ಬಿಟ್ ಉದ್ದವಾಯಿತೇ ಎಂಬುದು ಮೂರು ಚಪ್ಪಾಳೆಯಿಂದ ತಿಳಿಯುವುದಿಲ್ಲ.

'ಯಾರೂ ಸರಿಯಾಗಿ ಕೇಳಿ ಹೇಳೋದಿಲ್ಲ' ಎನ್ನುವುದು ಮನೆಯಲ್ಲೇ ಕೂತು ರಾಗ ಹಾಕಿ, ಗಿಟಾರ್ ಹಿಡಿದು ಹಾಡುವವರ ಸಾಮಾನ್ಯ ದೂರು. ತಪ್ಪು ಅರ್ಧಕ್ಕಿಂತ ಹೆಚ್ಚು ಕೇಳಿಸಿದವರದೇ ಎಂಬುದು ನನ್ನ ಅಭಿಪ್ರಾಯ. 'ಹೇಗಿದೆ?' ಎಂದು ಮುಖ ನೋಡಿ ಕೇಳಿದರೆ 'ಚೆನ್ನಾಗಿದೆ' ಅನ್ನದೆ ಇರುವುದು ನಮ್ಮ ಕಡೆ ಮರ್ಯಾದೆಯಲ್ಲ. ಉಪಯೋಗಕ್ಕೆ ಬರುವ ಉತ್ತರ ಬೇಕಿದ್ದರೆ, ಕೇಳುಗರು ಮರ್ಯಾದೆ ಬಿಡದೆಯೇ ನಿಜ ಹೇಳಬಹುದಾದಂಥ ಪ್ರಶ್ನೆಯನ್ನು ನಾವೇ ಕೊಡಬೇಕು. ಅದಕ್ಕೂ ಮೊದಲು, ಅವರ ಗಮನ ಹಾಡಿನ ಮೇಲೆ ನಿಲ್ಲುವಷ್ಟು ಶುದ್ಧವಾಗಿ ಹಾಡು ರೆಕಾರ್ಡ್ ಆಗಿರಬೇಕು.

ಫ್ಯಾನ್ ಆರಿಸಿ, ಹಾಡಿ

ಎಷ್ಟು ಶುದ್ಧ? ಸ್ಟುಡಿಯೋ ಮಟ್ಟ ಬೇಕಾಗಿಲ್ಲ. ಅಮೆರಿಕದ ಹಾಡುಗಾರ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರ ಶುರುವಿನಲ್ಲಿ ನ್ಯೂಜೆರ್ಸಿಯ ತನ್ನ ಬಾಡಿಗೆ ಮನೆಯಲ್ಲಿ, ಕ್ಯಾಸೆಟ್ ಮೇಲೆ ನಾಲ್ಕು ಟ್ರ್ಯಾಕ್ ಹಿಡಿಯುವ ಒಂದು ಸಣ್ಣ ಯಂತ್ರದಲ್ಲಿ ಹಾಡುಗಳನ್ನು ನಮೂನೆಗೆಂದು ಹಾಡಿಟ್ಟ. ಆಮೇಲೆ ಪೂರ್ತಿ ಬ್ಯಾಂಡ್ ಜೊತೆ ಸ್ಟುಡಿಯೋದಲ್ಲಿ ಪ್ರಯತ್ನ ನಡೆಯಿತು, ಹಿಡಿಸಲಿಲ್ಲ. ಕೊನೆಗೆ ಆ ಕ್ಯಾಸೆಟ್ಟೇ 'ನೆಬ್ರಾಸ್ಕ' ಎಂಬ ಆಲ್ಬಮ್ ಆಗಿ ಹೊರಬಂತು. 2006–07ರ ಚಳಿಗಾಲದಲ್ಲಿ ವಿಸ್ಕಾನ್ಸಿನ್‌ನ ಕಾಡಿನ ನಡುವೆ, ತಂದೆಯ ಕ್ಯಾಬಿನ್ನಿನಲ್ಲಿ ಕೂತು ಇನ್ನೊಬ್ಬ ಹಾಡುಗಾರ ಜಸ್ಟಿನ್ ವರ್ನನ್ ಹಾಡಿದ್ದೂ ಹಾಗೇ. ಇವು ಬರೀ ಡೆಮೊ ಎಂದುಕೊಂಡಿದ್ದವನಿಗೆ, ಇದ್ದ ಹಾಗೇ ಹೊರಗೆ ತಾ ಎಂದು ಹುರಿದುಂಬಿಸಿದವರು ಹಾಡು ಕೇಳಿದ ಗೆಳೆಯರು. 'ಬಾನ್ ಈವೇರ್' ಎಂಬ ಹೆಸರಲ್ಲಿ 2007ರಲ್ಲಿ ಅವನೇ ಆ ಹಾಡುಗಳನ್ನು ಹೊರತಂದ. ಇಬ್ಬರದೂ ಒರಟು ಧ್ವನಿಮುದ್ರಣ. ಆದರೆ ಒರಟುತನ ಹಾಡಿನ ಮಾತಿಗೆ ಅಡ್ಡ ಬರಲಿಲ್ಲ.

ನಮ್ಮ ಮನೆಗಳಲ್ಲಿ ಅಡ್ಡ ಬರುವುದು ಬೇರೆ. ಸೀಲಿಂಗ್ ಫ್ಯಾನ್, ಕುಕ್ಕರ್ ವಿಶಲ್, ಪಕ್ಕದ ಮನೆಯ ಮಿಕ್ಸಿ, ಕೆಳಗಡೆ ರಿವರ್ಸ್ ತೆಗೆದುಕೊಳ್ಳುವ ಕಾರಿನ ಪೀಂ ಪೀಂ. ರಾತ್ರಿ ಊಟ ಮುಗಿದ ಮೇಲಿನ ಹೊತ್ತು ಒಳ್ಳೆಯದು. ಫ್ಯಾನ್ ಆರಿಸಿ. ಫ್ರಿಜ್ಜಿನ ಸದ್ದು ಹಾಡುವಾಗ ಕೇಳಿಸುವುದಿಲ್ಲ, ಆಮೇಲೆ ಇಯರ್‌ಫೋನ್‌ನಲ್ಲಿ ಕೇಳಿಸುತ್ತದೆ, ಅದನ್ನೂ ಆರಿಸಿ. ಆರಿಸಿದ್ದು ಮರೆತು ಬೆಳಗ್ಗೆ ಹಾಲು ಒಡೆಯದಿರಲು ಮಲಗುವ ಮುಂಚೆ ಬೇಕೇ ಬೇಕಾಗುವ ವಸ್ತುವೊಂದನ್ನು ಫ್ರಿಜ್ ಒಳಗೇ ಇಡಿ, ಆಗ ನೆನಪಾಗಲೇಬೇಕು. ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ.

ಇನ್ನು ಕೋಣೆ. ನುಣ್ಣನೆ ಗೋಡೆ, ಟೈಲ್ಸ್ ನೆಲ, ಖಾಲಿ ಮೂಲೆ ಇರುವ ಚೌಕ ಕೋಣೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಸದ್ದಿನ ಬಾಲದಲ್ಲಿ 'ಟ್ರಿಂಗ್' ಅನ್ನುವಂಥದ್ದು ಕೇಳಿಸಿದರೆ ಅದು ನಿಮ್ಮ ದನಿಗೂ ಅಂಟಿಕೊಳ್ಳುತ್ತದೆ, ಆಮೇಲೆ ಯಾವ ಸಾಫ್ಟ್‌ವೇರೂ ಅದನ್ನು ಪೂರ್ತಿ ತೆಗೆಯಲಾರದು. ಹಾಸಿಗೆ, ದಿಂಬು, ಬಟ್ಟೆ ತುಂಬಿದ ಬೀರು ಇರುವ ಮಲಗುವ ಕೋಣೆಯೇ ವಾಸಿ. ಬೀರುವಿನ ಬಾಗಿಲು ತೆರೆದಿಡಿ, ನಿಮ್ಮ ಬೆನ್ನ ಹಿಂದೆ ಒಂದು ದಪ್ಪ ರಗ್ಗು ತೂಗುಹಾಕಿ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವ ಪದ್ಧತಿ ಒಂದಿದೆ. ಅದರಿಂದ ಆಗುವ ಉಪಕಾರ ತೀರಾ ಕಡಿಮೆ, ಹೊರಗಿನ ಸದ್ದನ್ನಂತೂ ತಡೆಯುವುದೇ ಇಲ್ಲ.

ಫೋನಿನಲ್ಲೇ ರೆಕಾರ್ಡ್ ಮಾಡುವವರು ಅದನ್ನು ಮೇಜಿನ ಮೇಲೆ ಮಲಗಿಸಬೇಡಿ. ಕಾಲು ತಾಳ ಹಾಕಿದ್ದೆಲ್ಲ ಧಡ್ ಧಡ್ ಎಂದು ಬೀಳುತ್ತದೆ. ಸ್ಟ್ಯಾಂಡಿನ ಮೇಲೋ, ಮಡಿಸಿದ ಟವೆಲ್ ಹಾಸಿದ ಪುಸ್ತಕಗಳ ಮೇಲೋ ನಿಲ್ಲಿಸಿ, ಸುಮಾರು ಒಂದು ತೋಳಿನಷ್ಟು ದೂರ. ದನಿ ಹೆಚ್ಚು ಬೇಕಿದ್ದರೆ ಫೋನನ್ನು ಬಾಯಿಯ ಮಟ್ಟಕ್ಕೆ ಏರಿಸಿ, ಗಿಟಾರ್ ಹೆಚ್ಚು ಬೇಕಿದ್ದರೆ ಇಳಿಸಿ. ಒಂದೇ ಮೈಕ್ ಇದ್ದಾಗ ಮಿಕ್ಸಿಂಗ್ ಎಂದರೆ ಇದೇ. ರೆಕಾರ್ಡರ್ ಆ್ಯಪ್‌ನಲ್ಲಿ ಹಿನ್ನೆಲೆ ಸದ್ದು ತಗ್ಗಿಸುವ ಆಯ್ಕೆ ಇದ್ದರೆ ಅದನ್ನು ಆಫ್ ಮಾಡಿ. ಮಾತಿಗೆಂದು ಮಾಡಿದ ಆ ಸೌಕರ್ಯ ಗಿಟಾರ್ ತಂತಿ ಮೀಟಿದ ಮೇಲೆ ಉಳಿದು ಅನುರಣಿಸುವ ದನಿಯನ್ನು ಗದ್ದಲವೆಂದು ತಿಳಿದು ಕತ್ತರಿಸಿಬಿಡುತ್ತದೆ.

ಮೈಕ್ ಕೊಂಡಿರುವವರಿಗೆ ಎರಡು ಮಾತು. ಗಿಟಾರಿಗೆ ಮೈಕ್ ಇಡುವ ಜಾಗ ನಡುವಿನ ತೂತಿನ ಎದುರಲ್ಲ, ಅಲ್ಲಿ ಬರೀ ಗುಂಯ್‌ಗುಡುವ ಸದ್ದು ಸಿಗುತ್ತದೆ. ಹನ್ನೆರಡನೇ ಫ್ರೆಟ್ಟಿನ ನೇರಕ್ಕೆ, 20ರಿಂದ 30 ಸೆಂಟಿಮೀಟರ್ ದೂರದಲ್ಲಿಟ್ಟು ಅಲ್ಲಿಂದ ಹುಡುಕಿ. ದನಿಗೆ ಒಂದು ಗೇಣು ದೂರ ಸಾಕು, ಆದರೆ ಮೈಕ್ ಬಾಯಿಗೆ ನೇರ ಇರದೆ ಸ್ವಲ್ಪ ಓರೆಯಾಗಿರಲಿ. ಕನ್ನಡದಲ್ಲಿ ಹಾಡುವವರಿಗೆ ಇದು ಮುಖ್ಯ. ಫಕಾರ, ಭಕಾರ ತುಂಬಿದ ಸಾಲಿನಲ್ಲಿ ಉಸಿರು ಮೈಕಿಗೆ ಬಡಿದು 'ಬುಫ್' ಎನ್ನುತ್ತದೆ. ಅದಕ್ಕೆ ಹೆದರಿ ಮಹಾಪ್ರಾಣವನ್ನೇ ನುಂಗಿ ಹಾಡುವವರೂ ಇದ್ದಾರೆ. ರೆಕಾರ್ಡಿಂಗ್ ಮಟ್ಟ ಅತಿ ಜೋರಾದ ಜಾಗದಲ್ಲೂ ಮೈನಸ್ 6 ಡೆಸಿಬಲ್ ದಾಟದಿರಲಿ. ಕಡಿಮೆ ಇದ್ದರೆ ಆಮೇಲೆ ಏರಿಸಬಹುದು, ಒಡೆದ ದನಿಯನ್ನು ಜೋಡಿಸಲಾಗದು.

ತಂಬೂರಿ ಆ್ಯಪ್ ಇಟ್ಟುಕೊಂಡು ಹಾಡುವ ಅಭ್ಯಾಸ ಹಲವರದು. ಅದನ್ನು ಸ್ಪೀಕರಿನಲ್ಲಿ ಹಾಕಿದರೆ ಕೋಣೆಯ ಗಾಳಿಯಲ್ಲೇ ದನಿಗೆ ಬೆರೆತುಹೋಗುತ್ತದೆ, ಆಮೇಲೆ 'ತಂಬೂರಿ ಸ್ವಲ್ಪ ಜಾಸ್ತಿ' ಎಂದು ಯಾರಾದರೂ ಹೇಳಿದರೆ ಮಾಡಲು ಏನೂ ಉಳಿಯುವುದಿಲ್ಲ. ಹೆಡ್‌ಫೋನಿನಲ್ಲಿ ಕೇಳಿಸಿಕೊಂಡು ಹಾಡಿ, ತಂಬೂರಿಯನ್ನು ಬೇರೆ ಟ್ರ್ಯಾಕ್ ಆಗಿ ಸೇರಿಸಿ. ದುಡ್ಡು ಹಾಕುವುದಿದ್ದರೆ ಮೊದಲು ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನಿಗೆ ಹಾಕಿ, ಮೈಕ್ ಆಮೇಲಿರಲಿ. ಸಾಫ್ಟ್‌ವೇರಿಗಂತೂ ಖರ್ಚೇ ಬೇಡ: ಕಂಪ್ಯೂಟರಿನಲ್ಲಿ ಆಡಾಸಿಟಿ, ಫೋನಿನಲ್ಲಿ ಬ್ಯಾಂಡ್‌ಲ್ಯಾಬ್, ಆ್ಯಪಲ್‌ನವರಿಗೆ ಗರಾಜ್‌ಬ್ಯಾಂಡ್, ಎಲ್ಲವೂ ಉಚಿತ.

ಮಿಕ್ಸಿನಲ್ಲಿ ನನ್ನ ತಕರಾರು ಒಂದೇ: ಎಕೋ. ಸುಗಮ ಸಂಗೀತದ ವೇದಿಕೆಗಳಲ್ಲಿ ಮೈಕ್ ಸೆಟ್ಟಿನವರು ಧಾರಾಳವಾಗಿ ಎಕೋ ಹಾಕಿ ಹಾಕಿ, ಅದಿಲ್ಲದಿದ್ದರೆ ಹಾಡೇ ಅಲ್ಲವೆಂಬ ಭಾವನೆ ನಮ್ಮಲ್ಲಿ ಬೆಳೆದಿದೆ. ಎಕೋ ಸಣ್ಣ ಶ್ರುತಿದೋಷವನ್ನು ಮರೆಮಾಚುತ್ತದೆ, ಜೊತೆಗೆ ಒತ್ತಕ್ಷರಗಳನ್ನೂ. ಅಭಿಪ್ರಾಯ ಕೇಳಲು ಕಳಿಸುವ ಪ್ರತಿಯಲ್ಲಿ ಅದು ಬಹುತೇಕ ಇಲ್ಲದಿರುವುದೇ ಒಳ್ಳೆಯದು. ತೋರಬೇಕಾದ್ದು ತೋರಲಿ.

ಯಾರಿಗೆ, ಯಾವಾಗ, ಏನಂತ

ಒಬ್ಬ ಕೇಳುಗ ನಿಮ್ಮ ಹಾಡನ್ನು ಮೊದಲ ಸಲ ಕೇಳುವುದು ಒಂದೇ ಸಲ. ಎರಡನೇ ಪ್ರತಿ ಕೇಳುವಾಗ ಅವರಿಗೆ ಸಾಹಿತ್ಯ ಗೊತ್ತು, ತಿರುವು ಗೊತ್ತು, ಮೊದಲ ಪ್ರತಿಯ ನೆನಪೂ ಇದೆ. ಅದಕ್ಕೇ ಎಲ್ಲರಿಗೂ ಒಟ್ಟಿಗೆ ಕಳಿಸಬಾರದು. ಐದಾರು ಜನ ನಂಬಿಕೆಯವರಿದ್ದರೆ ಇಬ್ಬರಿಗೆ ಮೊದಲ ಪ್ರತಿ, ಇನ್ನಿಬ್ಬರಿಗೆ ತಿದ್ದಿದ ಪ್ರತಿ. ಒಬ್ಬರನ್ನಾದರೂ ಕೊನೆಯವರೆಗೂ ಕೇಳದವರಾಗಿಯೇ ಉಳಿಸಿಕೊಳ್ಳಿ.

ಆ ಐದಾರು ಜನ ಒಂದೇ ಬಗೆಯವರಾಗಬಾರದು. ಸಂಗೀತ ಬಲ್ಲವರು ಶ್ರುತಿ, ತಾಳ, ಕಾರ್ಡ್ ಹಿಡಿಯುತ್ತಾರೆ. ಆದರೆ ಅವರಿಗೆ ಕೆಲವೊಮ್ಮೆ ಹಾಡಿಗಿಂತ ರಾಗದ ಹೆಸರು ಮುಖ್ಯವಾಗಿಬಿಡುತ್ತದೆ. ಕವಿತೆ ಓದುವವರೊಬ್ಬರು ಬೇಕೇ ಬೇಕು, ಕನ್ನಡ ಮೇಷ್ಟ್ರು ಸಿಕ್ಕಿದರೆ ಪುಣ್ಯ. ನಮ್ಮ ಭಾವಗೀತೆಯ ಪರಂಪರೆಯೇ ಮಾತಿನ ಸುತ್ತ ಬೆಳೆದದ್ದು. 1978ರಲ್ಲಿ ಬಂದ, ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದು ಹೆಸರಾದ 'ನಿತ್ಯೋತ್ಸವ'ದಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದೊಂದಿಗೆ ಮನೆಮನೆಗೆ ಹೋದದ್ದು ನಿಸಾರ್ ಅಹಮದರ ಕವಿತೆ. ಹಾಡು ಮುಗಿದ ಮೇಲೆ ಕವಿಯ ಸಾಲು ಕೇಳುಗನಲ್ಲಿ ಉಳಿಯದಿದ್ದರೆ ಗಿಟಾರ್ ಎಷ್ಟು ಚೆಂದ ಬಾರಿಸಿದರೇನು? ಮೂರನೆಯವರು, ಇವೆರಡೂ ಅಲ್ಲದವರು. ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಸಿಕ್ಕಿದ್ದೆಲ್ಲ ಕೇಳುವ ಸಹೋದ್ಯೋಗಿ. ಬೇಸರವಾದದ್ದು ಎಲ್ಲಿ ಎಂಬುದನ್ನು ಹೇಳುವುದರಲ್ಲಿ ಅವರಷ್ಟು ನಿಖರ ಯಾರೂ ಇಲ್ಲ.

ಅಮ್ಮನ ವಿಷಯ ಬೇರೆ. ಅಮ್ಮನಿಗೆ ಪ್ರಶ್ನೆ ಕೇಳಬೇಡಿ, ಎರಡು ದಿನ ಬಿಟ್ಟು ಅಡುಗೆಮನೆಯಲ್ಲಿ ಏನು ಗುನುಗುತ್ತಿದ್ದಾರೆ ಕೇಳಿಸಿಕೊಳ್ಳಿ. ನಿಮ್ಮ ರಾಗದ ಯಾವ ತುಣುಕನ್ನು ಅವರು ಎತ್ತಿಕೊಂಡಿದ್ದಾರೆ, ಅದನ್ನು ಹೇಗೆ ಬದಲಿಸಿ ಹಾಡುತ್ತಿದ್ದಾರೆ ಎಂಬುದನ್ನು ಗಮನಿಸಿ. ಬದಲಿಸಿದ ಜಾಗ ಸಾಮಾನ್ಯವಾಗಿ ನೀವು ಜಾಣತನ ತೋರಿಸಿದ ಜಾಗವೇ ಆಗಿರುತ್ತದೆ. ಅವರು ಹಾಡಿದ್ದೇ ಸಲೀಸಾಗಿದ್ದರೆ ನಾಚಿಕೆಯಿಲ್ಲದೆ ತೆಗೆದುಕೊಳ್ಳಿ.

ಯಾವ ಹಂತದಲ್ಲಿ ಕಳಿಸುತ್ತಿದ್ದೀರಿ ಎಂಬುದನ್ನು ಮೊದಲೇ ತಿಳಿಸಬೇಕು. ರಾಗ ಇನ್ನೂ ಕೂರಬೇಕಾಗಿರುವ ಪ್ರತಿಗೆ 'ಫ್ಯಾನ್ ಸದ್ದು ಬರ್ತಿದೆ' ಎಂಬ ಉತ್ತರ ಬಂದರೆ ಇಬ್ಬರ ಹೊತ್ತೂ ಹಾಳು. ಹಾಗೆಯೇ, ಇನ್ನು ಮತ್ತೆ ಹಾಡುವುದಿಲ್ಲ ಎಂದು ತೀರ್ಮಾನಿಸಿದ ಮೇಲೆ ಗಾಯನದ ಬಗ್ಗೆ ಅಭಿಪ್ರಾಯ ಕೇಳುವುದು ಹೊಗಳಿಕೆ ಬೇಡುವುದಕ್ಕೆ ಇನ್ನೊಂದು ಹೆಸರು. ಬದಲಿಸಲು ಸಿದ್ಧವಿರುವುದನ್ನು ಮಾತ್ರ ಕೇಳಿ.

ಹಿರಿಯರೊಬ್ಬರಿಗೆ ಹೀಗೆ ಬರೆಯಬಹುದು: 'ನಮಸ್ಕಾರ ಮೇಡಂ, ಒಂದು ಕವಿತೆಗೆ ರಾಗ ಹಾಕಿ ಹಾಡಿದ್ದೇನೆ, 3 ನಿಮಿಷ 50 ಸೆಕೆಂಡ್ ಇದೆ. ಮನೆಯಲ್ಲೇ ರೆಕಾರ್ಡ್ ಮಾಡಿದ್ದು, ರಾಗ ಇನ್ನೂ ಬದಲಿಸಬಹುದು. ಬಿಡುವಾದಾಗ ಇಯರ್‌ಫೋನ್ ಹಾಕಿಕೊಂಡು ಒಮ್ಮೆ ಕೇಳಿ, ಯಾವ ಪದ ಸರಿಯಾಗಿ ಕೇಳಿಸಲಿಲ್ಲ, ಎಲ್ಲಿ ಉದ್ದವಾಯಿತು ಅನ್ನಿಸಿತು, ಇವೆರಡನ್ನು ಹೇಳಿದರೆ ಉಪಕಾರ. ಬರೆಯುವುದು ಬೇಡ, ವಾಯ್ಸ್ ಮೆಸೇಜ್ ಸಾಕು. ಭಾನುವಾರದೊಳಗೆ ಆದರೆ ಅನುಕೂಲ.' ಗೆಳೆಯನಿಗಾದರೆ ಇನ್ನೂ ಸುಲಭ: 'ಲೋ, ಇದನ್ನ ಕೇಳು. ಎಲ್ಲಿ ಫೋನ್ ನೋಡಬೇಕು ಅನ್ನಿಸ್ತೋ ಆ ನಿಮಿಷ ಬರೆದು ಕಳಿಸು. ಚೆನ್ನಾಗಿದೆ ಅಂದ್ರೆ ಕಾಫಿ ಇಲ್ಲ.' ವಾಯ್ಸ್ ಮೆಸೇಜ್ ಕೇಳುವುದಕ್ಕೆ ಕಾರಣವಿದೆ. ಟೈಪ್ ಮಾಡುವಾಗ ಒಂದೇ ಪದದಲ್ಲಿ ಮುಗಿಸುವವರು ಮಾತಾಡುವಾಗ ರಾಗ ಗುನುಗಿ ತೋರಿಸುತ್ತಾರೆ, ತಡವರಿಸುತ್ತಾರೆ, 'ಅಲ್ಲೊಂಥರಾ…' ಎಂದು ನಿಲ್ಲಿಸುತ್ತಾರೆ. ಆ ನಿಲುಗಡೆಯಲ್ಲೇ ವಿಷಯ ಇರುತ್ತದೆ.

ಎಲ್ಲಕ್ಕಿಂತ ಫಲ ಕೊಡುವ ಪರೀಕ್ಷೆ ಮಾತ್ರ ಪ್ರಶ್ನೆಯೇ ಅಲ್ಲ. ಸಾಹಿತ್ಯವನ್ನು ಕಳಿಸದೆ ಬರೀ ಹಾಡು ಕಳಿಸಿ, 'ಎರಡನೇ ಚರಣ ಕೇಳಿಸಿದ ಹಾಗೆ ಬರೆದು ಕಳಿಸಿ' ಎನ್ನಿ. ಬಂದದ್ದನ್ನು ಮೂಲದ ಪಕ್ಕ ಇಟ್ಟು ನೋಡಿ. 'ಕಾಳ' ಇದ್ದದ್ದು 'ಕಾಲ' ಆಗಿರುತ್ತದೆ, 'ಧಾರೆ' ಹೋಗಿ 'ದಾರಿ' ಬಂದಿರುತ್ತದೆ, 'ಮನೆಯಂಗಳದಲಿ' ಎಂಬುದನ್ನು ನೀವು ಉಸಿರಿಗಾಗಿ 'ಮನೆಯಂ' ಎಂದು ನಿಲ್ಲಿಸಿ 'ಗಳದಲಿ' ಎಂದು ಎತ್ತಿಕೊಂಡದ್ದರಿಂದ ಅಲ್ಲೊಂದು ಖಾಲಿ ಗೆರೆ ಇರುತ್ತದೆ. ಇಲ್ಲಿ ಯಾರೂ ನಿಮ್ಮನ್ನು ಟೀಕಿಸಬೇಕಾಗಿಲ್ಲ, ನೀವೂ ಮುನಿಸಿಕೊಳ್ಳಬೇಕಾಗಿಲ್ಲ. ಕಾಗದದ ಮೇಲೇ ಎಲ್ಲ ಇದೆ. ಇಬ್ಬರು ಒಂದೇ ಪದ ತಪ್ಪಿ ಬರೆದರೆ ತಪ್ಪು ಅವರ ಕಿವಿಯದಲ್ಲ. ಉಸಿರಿನ ಜಾಗ ಬದಲಿಸಿ, ಆ ಪದದ ಕೆಳಗೆ ಸ್ಟ್ರಮ್ಮಿಂಗ್ ಕಡಿಮೆ ಮಾಡಿ, ಆ ಒಂದು ಸಾಲನ್ನು ಮತ್ತೆ ಹಾಡಿ.

ಎದುರಿಗೇ ಕೂತು ಕೇಳಿಸುವುದಾದರೆ ನಡುವೆ ಮಾತಾಡಬೇಡಿ. 'ಇಲ್ಲಿ ಕೊಳಲು ಬರುತ್ತೆ, ಈಗಿಲ್ಲ' ಎಂಬ ವಿವರಣೆ ಶುರುವಾದರೆ ಅವರು ಇಲ್ಲದ ಹಾಡನ್ನು ಕೇಳತೊಡಗುತ್ತಾರೆ.

ಕಳಿಸುವ ವಿಧಾನದಲ್ಲೂ ಎಡವುವ ಜಾಗಗಳಿವೆ. ವಾಟ್ಸಾಪ್‌ನ ವಾಯ್ಸ್ ಮೆಸೇಜ್ ಒತ್ತಿ ಹಾಡಿದರೆ ಅದು ಮಾತಿಗೆ ತಕ್ಕಂತೆ ದನಿಯನ್ನು ಕುಗ್ಗಿಸುತ್ತದೆ. ಹಾಡನ್ನು ಕಡತವಾಗಿ ಉಳಿಸಿ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದದ್ದು ಇದ್ದ ಹಾಗೇ ತಲುಪುತ್ತದೆ. ನಾಲ್ಕು ನಿಮಿಷದ ಹಾಡು ಸಿಡಿ ಗುಣಮಟ್ಟದ ವೇವ್ ಕಡತದಲ್ಲಿ ಸುಮಾರು 42 ಎಂಬಿ, ಒಳ್ಳೆಯ 320 ಕೆಬಿಪಿಎಸ್ ಎಂಪಿ3ಯಲ್ಲಿ ಹತ್ತು ಎಂಬಿಯ ಒಳಗೆ. ಅಭಿಪ್ರಾಯಕ್ಕೆ ಎಂಪಿ3 ಸಾಕು. ಲಿಂಕ್ ಕಳಿಸುವುದಿದ್ದರೆ ಯೂಟ್ಯೂಬಿನಲ್ಲಿ 'ಅನ್‌ಲಿಸ್ಟೆಡ್' ಎಂದು ಆರಿಸಿ. ಲಿಂಕ್ ಇದ್ದವರಿಗೆ ಮಾತ್ರ ಕಾಣುತ್ತದೆ, ಹುಡುಕಿದವರಿಗೆ ಸಿಗುವುದಿಲ್ಲ. ಅಲ್ಲಿ ಕಾಮೆಂಟಿನಲ್ಲಿ 1:24 ಎಂದು ಬರೆದರೆ ಒತ್ತಿ ನೇರ ಆ ಜಾಗಕ್ಕೇ ಹೋಗಬಹುದು. ಸೌಂಡ್‌ಕ್ಲೌಡ್‌ನಲ್ಲಿ ಹಾಡಿನ ಅಲೆಯ ಮೇಲೇ, ಆಯಾ ಕ್ಷಣಕ್ಕೆ ಸರಿಯಾಗಿ ಮಾತು ಅಂಟಿಸಬಹುದು. ಕಡತದ ಹೆಸರು 'ಹೊಸದು', 'ಫೈನಲ್', 'ಫೈನಲ್ ಫೈನಲ್' ಎಂದಿರದೆ ಹಾಡಿನ ಹೆಸರು, ತಾರೀಖು, ಪ್ರತಿಯ ಸಂಖ್ಯೆ ಇರಲಿ. ಇಲ್ಲವಾದರೆ ಅತ್ತಿಗೆ ಹೇಳಿದ್ದು ಯಾವ ಪ್ರತಿಯ ಬಗ್ಗೆ ಎಂದು ಆಮೇಲೆ ತಲೆಕೆರೆದುಕೊಳ್ಳಬೇಕಾಗುತ್ತದೆ.

ಎರಡು ಪ್ರತಿಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳುವಾಗ ಎರಡರ ಸದ್ದಿನ ಮಟ್ಟವನ್ನೂ ಸಮ ಮಾಡಿರಲೇಬೇಕು. ಸ್ವಲ್ಪ ಜೋರಾಗಿರುವುದೇ ಕಿವಿಗೆ ಚೆಂದ ಎನ್ನಿಸುತ್ತದೆ. ಧ್ವನಿ ಎಂಜಿನಿಯರುಗಳೂ ಇದಕ್ಕೆ ಹೊರತಲ್ಲ. 'ಹಳೆಯದು, ಹೊಸದು' ಎನ್ನದೆ 'ಒಂದು, ಎರಡು' ಎಂದಷ್ಟೇ ಹೆಸರಿಡಿ. ಹೊಸದು ಎಂದರೆ ನೀವು ಕಷ್ಟಪಟ್ಟದ್ದು ಎಂದು ತಿಳಿದು ಅದನ್ನೇ ಒಪ್ಪುವ ಒಳ್ಳೆಯ ಜನ ನಮ್ಮವರು.

ಹೇಳಿದ್ದು ಒಂದು, ಆಗಿರುವುದು ಇನ್ನೊಂದು

ಕೇಳುಗರು ತೊಂದರೆಯ ಜಾಗವನ್ನು ಸಾಮಾನ್ಯವಾಗಿ ಸರಿಯಾಗಿ ಹಿಡಿಯುತ್ತಾರೆ. ಅದಕ್ಕೆ ಅವರು ಹೇಳುವ ಮದ್ದು ಮಾತ್ರ ಅಷ್ಟಾಗಿ ನಂಬತಕ್ಕದ್ದಲ್ಲ. 'ಇಲ್ಲೊಂದು ತಬಲಾ ಹಾಕಿದ್ರೆ ಎತ್ತುತ್ತೆ' ಎಂದರು ಅನ್ನಿ. ತಬಲಾ ಹುಡುಕಿಕೊಂಡು ಹೋಗುವ ಮುಂಚೆ ಮೆಟ್ರೊನೋಮ್ ಹಾಕಿ ಆ ಜಾಗವನ್ನು ಕೇಳಿ. ಬಹಳ ಸಲ ಅಲ್ಲಿ ಲಯ ಹಿಂದೆ ಬಿದ್ದಿರುತ್ತದೆ, ಕಾರ್ಡ್ ಬದಲಿಸುವಾಗ ಬೆರಳು ತಡವಾಗಿ ಕೂತಿರುತ್ತದೆ. ತಬಲಾ ಬಂದರೆ ಆ ತಡ ಇನ್ನೂ ಎದ್ದು ಕಾಣುತ್ತದೆ. 'ವಾಯ್ಸ್ ಸಣ್ಣಗಿದೆ' ಎಂದರೆ ದನಿ ಏರಿಸುವ ಮೊದಲು ಗಿಟಾರ್ ಇಳಿಸಿ ನೋಡಿ. ಅದರಲ್ಲೂ ನಡುವಿನ ತಂತಿಗಳ ಜೋರು ಸ್ಟ್ರಮ್ಮಿಂಗ್ ನಮ್ಮ ದನಿಯ ಪಟ್ಟಿಯನ್ನೇ ಆಕ್ರಮಿಸಿರುತ್ತದೆ. ತಂತಿ ಬಿಡಿಬಿಡಿಯಾಗಿ ಮೀಟಿದರೆ ಅದೇ ದನಿ ದೊಡ್ಡದಾಗಿ ಕೇಳಿಸುತ್ತದೆ.

'ಫೀಲ್ ಇಲ್ಲ' ಎಂಬುದು ಎಲ್ಲರ ಬಾಯಲ್ಲೂ ಇರುವ, ಹಾಡುವವರನ್ನು ರಾತ್ರಿಯಿಡೀ ಕಾಡುವ ಮಾತು. ಮನಸ್ಸಿಗೆ ಹಚ್ಚಿಕೊಳ್ಳುವ ಮೊದಲು ಶ್ರುತಿ ನೋಡಿ. ಗಿಟಾರಿಗೆ ಸುಲಭವೆಂದು ಜಿ ಅಥವಾ ಸಿ ಕಾರ್ಡಿನಲ್ಲಿ ಹಾಡು ಶುರು ಮಾಡಿ, ದನಿಗೆ ಅದು ತೀರಾ ಕೆಳಗಾಗಿ, ಪಲ್ಲವಿಯೆಲ್ಲ ಗೊಣಗಿದಂತೆ ಆಗಿರುವುದು ತುಂಬಾ ಸಾಮಾನ್ಯ. ಕೇಪೊ ಹಾಕಿ ಎರಡು ಮನೆ (ಫ್ರೆಟ್) ಏರಿಸಿದರೆ ಅದೇ ಬೆರಳು, ಅದೇ ರಾಗ, ಆದರೆ ದನಿಗೆ ಜೀವ ಬರುತ್ತದೆ. ಅದೂ ಅಲ್ಲವೆಂದರೆ ವೇಗ. ಒಬ್ಬರೇ ಕೂತು ಹಾಡುವಾಗ ನಿಧಾನವೇ ಭಾವ ಎಂಬ ಭ್ರಮೆ ಹುಟ್ಟುತ್ತದೆ. ಸ್ವಲ್ಪ ವೇಗ ಹೆಚ್ಚಿಸಿ ಒಂದು ಟೇಕ್ ತೆಗೆದು ಪಕ್ಕದಲ್ಲಿಟ್ಟು ಕೇಳಿ.

'ಒಂದೇ ಥರ ಇದೆ' ಎನ್ನುವವರು ಹೆಚ್ಚಾಗಿ ಮೂರನೇ ಚರಣದ ಹೊತ್ತಿಗೆ ಹೇಳುತ್ತಾರೆ. ಎಲ್ಲ ಚರಣಕ್ಕೂ ಒಂದೇ ರಾಗ, ಒಂದೇ ಬಡಿತ ಇದ್ದರೆ ಹಾಗಾಗುವುದು ಸಹಜ. ಹೊಸ ವಾದ್ಯ ಸೇರಿಸುವುದಕ್ಕಿಂತ ಇದ್ದದ್ದನ್ನು ತೆಗೆದು ನೋಡಿ: ಒಂದು ಚರಣದ ಮೊದಲೆರಡು ಸಾಲಿಗೆ ಗಿಟಾರನ್ನೇ ನಿಲ್ಲಿಸಿ ಬರಿ ದನಿಯಲ್ಲಿ ಹಾಡಿದರೆ ಕೇಳುಗರು ತಲೆ ಎತ್ತುತ್ತಾರೆ.

ಇಬ್ಬರು ಒಂದೇ ಜಾಗ ತೋರಿಸಿ ಬೇರೆ ಬೇರೆ ಕಾರಣ ಹೇಳಿದರೆ ಜಾಗ ನಿಜ, ಕಾರಣ ಎರಡೂ ಅನುಮಾನ. ಒಬ್ಬರು ಮಾತ್ರ ಹೇಳಿದ್ದನ್ನು ಬರೆದಿಟ್ಟುಕೊಂಡು ಮುಂದೆ ಹೋಗಿ. ಒಬ್ಬರಿಗೆ ಆಲಾಪ ಇಷ್ಟವಾಗಿ ಇನ್ನೊಬ್ಬರಿಗೆ ಅದೇ ಬೇಡವಾದರೆ, ಅದು ನಿಮಗೆ ಬಿಟ್ಟದ್ದು. ಮತ ಎಣಿಸಿ ಹಾಡು ಕಟ್ಟಲು ಬರುವುದಿಲ್ಲ. ಯಾರು ಏನೇ ಹೇಳಲಿ, ಆ ಕ್ಷಣಕ್ಕೆ ನಿಮ್ಮ ಉತ್ತರ 'ತುಂಬಾ ಥ್ಯಾಂಕ್ಸ್, ನೋಡ್ತೀನಿ' ಎಂಬುದಷ್ಟೇ ಆಗಿರಲಿ. ಬೇಕಿದ್ದರೆ ಒಂದು ಮರುಪ್ರಶ್ನೆ, 'ಯಾವ ಸಾಲಿನಲ್ಲಿ?' 'ಅದು ಬೇಕಂತಲೇ ಹಾಗೆ ಮಾಡಿದ್ದು' ಎಂದು ವಾದಿಸಿದಿರೋ, ಮುಂದಿನ ಹಾಡಿಗೆ ಅವರೂ ಚಪ್ಪಾಳೆ ಒತ್ತಿ ಸುಮ್ಮನಾಗುತ್ತಾರೆ.

ಗುರುಗಳಿದ್ದರೆ ಕಡತ ಕಳಿಸಿ ಕಾಯಬೇಡಿ, ಹೊತ್ತು ಕೇಳಿಕೊಂಡು ಹೋಗಿ ಎದುರಿಗೇ ಹಾಡಿ. ಅವರು ಬಾಯಲ್ಲಿ ಹೇಳುವುದಕ್ಕಿಂತ ಹಾಡಿ ತೋರಿಸುವುದೇ ಹೆಚ್ಚು. ಇನ್ನೂ ಮುಂದೆ ಹೋಗಬೇಕೆಂದಿರುವವರಿಗೆ ಆಕಾಶವಾಣಿಯ ಸುಗಮ ಸಂಗೀತ ಆಡಿಷನ್ ಇದೆ. ಬಿ, ಬಿ-ಹೈ, ಎ, ಟಾಪ್ ಎಂದು ಅಲ್ಲಿ ಶ್ರೇಣಿ ಕೊಡುತ್ತಾರೆ. ತಿದ್ದುಪಡಿ ಸಿಗುವ ಜಾಗವಲ್ಲ ಅದು, ಆದರೆ ನಿಮ್ಮ ಮೇಲೆ ಅಕ್ಕರೆಯಿಲ್ಲದವರು ಕೇಳುತ್ತಾರೆ.

ಊರಿಗೆಲ್ಲ ಕೇಳಿಸುವ ಮುನ್ನ

ಗೆಳೆಯರಿಗಷ್ಟೇ ಕಳಿಸುವವರೆಗೆ ಯಾರೂ ಪ್ರಶ್ನಿಸುವುದಿಲ್ಲ. ಸಾರ್ವಜನಿಕವಾಗಿ ಹಾಕುವಾಗ ಹಕ್ಕಿನ ಮಾತು ಬರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕವಿ ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಅವರ ಕೃತಿಗಳ ಹಕ್ಕು ಉಳಿದಿರುತ್ತದೆ. ಪಂಜೆ ಮಂಗೇಶರಾಯರು (ನಿಧನ 1937), ಬಿ.ಎಂ.ಶ್ರೀ. (1946), ಗೋವಿಂದ ಪೈ (1963) ಈಗ ಎಲ್ಲರ ಕವಿಗಳು. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಹಾಗಾಗಿ 2041ರ ಕೊನೆಯವರೆಗೆ ಅನುಮತಿ ಬೇಕು. ಕುವೆಂಪು ಅವರದು 2054ರವರೆಗೆ, ಕೆ.ಎಸ್. ನರಸಿಂಹಸ್ವಾಮಿಯವರದು 2063ರವರೆಗೆ.

ಇಲ್ಲೊಂದು ಸೂಕ್ಷ್ಮವಿದೆ, ಹಲವರು ಸಿಕ್ಕಿಬೀಳುವುದು ಇಲ್ಲೇ. ಶಿಶುನಾಳ ಶರೀಫರು 1889ರಲ್ಲಿ ತೀರಿಕೊಂಡರು, ಅವರ ಪದಗಳಿಗೆ ಯಾರ ಅಪ್ಪಣೆಯೂ ಬೇಡ. ಆದರೆ ನಮಗೆ ಬಾಯಿಪಾಠವಾಗಿರುವ ಶರೀಫರ ಹಾಡುಗಳ ರಾಗ ಎಷ್ಟೋ ಕಡೆ ಸಿ. ಅಶ್ವತ್ಥ್ ಅವರದು. ಅಶ್ವತ್ಥ್ ತೀರಿಕೊಂಡದ್ದು 2009ರಲ್ಲಿ. ರಾಗ ಸಂಯೋಜನೆಗೂ ಕವಿತೆಯಷ್ಟೇ ಹಕ್ಕಿದೆ. ಪದ ತೆಗೆದುಕೊಂಡು ನಿಮ್ಮದೇ ರಾಗ ಹಾಕಿದರೆ ತೊಡಕಿಲ್ಲ, ಹಾಡಿಗೂ ಅದೇ ಹೊಸತನ. ಕವಿ ಬದುಕಿದ್ದರೆ ಅವರಿಗೆ, ಇಲ್ಲವಾದರೆ ಅವರ ಮನೆಯವರಿಗೆ, ರೆಕಾರ್ಡಿಂಗ್ ಜೊತೆಗಿಟ್ಟು, ಎಲ್ಲಿ ಹಾಕುತ್ತೀರಿ, ದುಡ್ಡು ಬರುವಂಥದ್ದೇ ಎಂಬುದನ್ನು ತಿಳಿಸಿ ಪತ್ರ ಬರೆಯಿರಿ, ಒಪ್ಪಿಗೆಯನ್ನೂ ಬರಹದಲ್ಲೇ ಪಡೆಯಿರಿ. ರಾಗಕ್ಕೆ ಕೂರಲಿಲ್ಲವೆಂದು ಕವಿತೆಯ ಪದ ಬದಲಿಸುವುದು, ನಡುವಿನ ನುಡಿ ಹಾರಿಸುವುದು ಇತ್ಯಾದಿ ಅವರನ್ನು ಕೇಳದೆ ಬೇಡ. ಕೃತಿಯನ್ನು ವಿರೂಪಗೊಳಿಸದಂತೆ ತಡೆಯುವ ಹಕ್ಕು ಹಣದ ಹಕ್ಕಿನಿಂದ ಬೇರೆಯಾಗಿಯೇ ಕವಿಗಿದೆ. ನಿಮ್ಮ ಸ್ವಂತ ಸಾಹಿತ್ಯ, ಸ್ವಂತ ರಾಗವಾದರೆ ಹಾಡು ಹುಟ್ಟಿದಾಗಲೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಆದರೂ ತಾರೀಖು ಇರುವ ಹಳೆಯ ಟೇಕ್‌ಗಳನ್ನು ಅಳಿಸಬೇಡಿ.

ಸಿನಿಮಾ ಹಾಡಿನ ಕವರ್ ಹಾಕಿದಾಗ ಯೂಟ್ಯೂಬಿನಿಂದ 'ಕ್ಲೇಮ್' ಬಂದರೆ ಗಾಬರಿ ಬೇಡ. ಸಾಮಾನ್ಯವಾಗಿ ಜಾಹೀರಾತಿನ ದುಡ್ಡು ಹಕ್ಕುದಾರರಿಗೆ ಹೋಗುತ್ತದೆ, ಅಷ್ಟೇ. 'ಸ್ಟ್ರೈಕ್' ಬೇರೆ, 90 ದಿನದಲ್ಲಿ ಮೂರು ಬಂದರೆ ಚಾನೆಲ್ಲೇ ಹೋಗಬಹುದು.

ಸದ್ದಿನ ಮಟ್ಟವನ್ನು ಕಿವಿ ಸಿಡಿಯುವಷ್ಟು ಏರಿಸಿ ಹಾಕುವುದರಿಂದ ಲಾಭವಿಲ್ಲ. ಯೂಟ್ಯೂಬ್, ಸ್ಪಾಟಿಫೈ ಎರಡೂ ಮೈನಸ್ 14 ಎಲ್‌ಯುಎಫ್‌ಎಸ್ ಸುತ್ತಮುತ್ತಲಿನ ಮಟ್ಟಕ್ಕೆ ಜೋರು ಹಾಡುಗಳನ್ನು ತಗ್ಗಿಸುತ್ತವೆ. ಹಾಕುವ ಮೊದಲು ಮೂರು ಕಡೆ ಕೇಳಿ: ಇಯರ್‌ಫೋನ್, ಫೋನಿನ ಸ್ಪೀಕರ್, ಯಾರದಾದರೂ ಕಾರು. ವಿವರದಲ್ಲಿ ಆಕಾಶವಾಣಿಯವರು ಹೇಳುವ ಕ್ರಮದಲ್ಲೇ ಸಾಹಿತ್ಯ, ರಾಗ ಸಂಯೋಜನೆ, ಗಾಯನ, ವಾದ್ಯ ಎಂದು ಎಲ್ಲರ ಹೆಸರೂ ಇರಲಿ. ಪೂರ್ತಿ ಸಾಹಿತ್ಯವನ್ನು ಕನ್ನಡ ಲಿಪಿಯಲ್ಲೇ ಹಾಕಿ, ಕವಿಯ ಒಪ್ಪಿಗೆ ಇದ್ದರೆ. ದೂರದ ಊರಿನ ಕನ್ನಡ ಕೂಟದಲ್ಲಿ ಹಾಡಲು ಹುಡುಕುವವರಿಗೆ ಹಾಡು ಸಿಗುವುದು ಹೆಚ್ಚಾಗಿ ಆ ಸಾಲುಗಳ ಮೂಲಕವೇ.

ಹಾಕಿದ ಮೇಲೆ ಎಷ್ಟು ಜನ ನೋಡಿದರು ಎಂಬ ಅಂಕಿ ಹೇಳುವುದು ಕಡಿಮೆ. ಯೂಟ್ಯೂಬ್ ಸ್ಟುಡಿಯೋದಲ್ಲಿ ಕೇಳುಗರು ಯಾವ ಸೆಕೆಂಡಿನಲ್ಲಿ ಎದ್ದುಹೋದರು ಎಂದು ತೋರಿಸುವ ಗೆರೆಯೊಂದಿದೆ, ಅದನ್ನು ನೋಡಿ. ಮೊದಲ ಅರ್ಧ ನಿಮಿಷದಲ್ಲೇ ಗೆರೆ ಕುಸಿದಿದ್ದರೆ ನಿಮ್ಮ ಮುನ್ನುಡಿಯ ಗಿಟಾರ್ ಉದ್ದವಾಯಿತು. ಮುಂದಿನ ಹಾಡಿನಲ್ಲಿ ದನಿ ಬೇಗ ಬರಲಿ. ನಡುವೆ ಒಂದು ಕಡೆ ಗೆರೆ ಉಬ್ಬಿದ್ದರೆ ಅಲ್ಲಿಗೆ ಜನ ಹಿಂದಿರುಗಿ ಕೇಳಿದ್ದಾರೆ.

ಒಂದು ದಿನ ಯಾವುದೋ ಊರಿನ ಶಾಲೆಯ ಟೀಚರೊಬ್ಬರಿಂದ ಸಂದೇಶ ಬರಬಹುದು: 'ಸರ್, ರಾಜ್ಯೋತ್ಸವಕ್ಕೆ ಮಕ್ಕಳ ಹತ್ರ ಹಾಡಿಸ್ತೀವಿ, ಕರೋಕೆ ಟ್ರ್ಯಾಕ್ ಇದ್ಯಾ?' ಆಗ ಕೊಡಲು ಇರಬೇಕೆಂದರೆ ಮಿಕ್ಸ್ ಮುಗಿದ ದಿನವೇ ದನಿ ಇಲ್ಲದ ಒಂದು ಪ್ರತಿಯನ್ನೂ ತೆಗೆದು, ವೇವ್ ರೂಪದಲ್ಲಿ, ಎರಡು ಕಡೆ ಇಟ್ಟಿರಬೇಕು. ಜೊತೆಗೆ ಶ್ರುತಿ ಯಾವುದು, ಕೇಪೊ ಎಷ್ಟನೇ ಮನೆ ಎಂದು ಒಂದು ಸಾಲು ಬರೆದಿಡಿ. ಮಕ್ಕಳ ದನಿಗೆ ನಿಮ್ಮ ಶ್ರುತಿ ಕೆಳಗಾಗುತ್ತದೆ, ಏರಿಸಿದ ಇನ್ನೊಂದು ಟ್ರ್ಯಾಕ್ ಕೇಳಿಯೇ ಕೇಳುತ್ತಾರೆ.